ತಣ್ಣನೆಯ ಪರಮಾಣುಗಳೂ ಹೊಸ ಅಳಿಯನೂ

ಮಧ್ಯಾಹ್ನ ಹೊರಡಲೆಂದು ಬಹ್ರೋಮ್ ಕುರ್ಚಿಯಿಂದ ಎದ್ದದ್ದೇ ತಪ್ಪಾಯಿತು.

ತಾಷ್ಕೆಂಟಿನ ಆ ಪ್ರಯೋಗಾಲಯದಲ್ಲಿ ಬೆಳಕನ್ನು ಬಚ್ಚಿಡುವ ಕೆಲಸ ನಡೆದಿತ್ತು. ಮಿಣುಕು ಬೆಳಕಿನ ಕ್ವಾಂಟಂ ಸ್ಥಿತಿಯನ್ನು ಕಡುತಣ್ಣನೆಯ ಪರಮಾಣುಗಳ ಮೋಡದಲ್ಲಿ ಇಟ್ಟು, ಮುಕ್ಕಾಗದಂತೆ ವಾಪಸ್ ತೆಗೆಯಬೇಕು. ಆ ಪರಮಾಣುಗಳೋ, ಮದುವೆ ಮನೆಯ ಸೋದರತ್ತೆಯರಂತೆ ಸಣ್ಣದಕ್ಕೂ ಮುನಿಸಿಕೊಳ್ಳುವಂಥವು. ಬಹ್ರೋಮ್ ಎದ್ದ, ಬಚ್ಚಿಟ್ಟ ಬೆಳಕು ಮಾಯ. ಕೂತ, ಬಂತು.

"ಕೂತ್ಕೋಪ್ಪಾ, ಅಲ್ಲಾಡ್ಬೇಡ!" ಎಂದರು ತೋಜಿಯೆವ್ ಮೇಷ್ಟ್ರು.

"ಮೇಷ್ಟ್ರೇ, ಇವತ್ತು ಅತ್ತೆ ಮನೇಲಿ ಹೊಸ ಅಳಿಯನಿಗೆ ಮೊದಲ್ನೇ ಊಟ. ಹೋಗ್ದಿದ್ರೆ ಹೆಂಡ್ತಿ ನನ್ನನ್ನೇ ಪಲಾವ್ ಮಾಡ್ತಾಳೆ!"

ಎಲ್ಲದಕ್ಕೂ ಮೂಗು ತೂರಿಸುವ ಸಹೋದ್ಯೋಗಿ ಕಾಮಿಲಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಲ್ಟಿನ ಬಕಲ್ಲು! ಪಕ್ಕದ ಲಿಫ್ಟಿನ ಮೋಟಾರಿನ ಅಯಸ್ಕಾಂತದ ಕಾಟಕ್ಕೆ ಆ ಕಬ್ಬಿಣ ಎದುರೇಟು ಕೊಡ್ತಿದೆ. ಬಿಚ್ಚಿಟ್ಟು ಹೋಗಣ್ಣಾ."

ಬೆಲ್ಟನ್ನು ಕುರ್ಚಿಗೆ ಕಟ್ಟಿದರು. ಬೆಳಕು ಬಂತು. ಒಂದು ಕೈಯಲ್ಲಿ ಜಾರುವ ಪ್ಯಾಂಟು, ಇನ್ನೊಂದರಲ್ಲಿ ಅತ್ತೆ ಮನೆಗೆಂದು ತಂದಿದ್ದ ಕರಬೂಜ ಹಿಡಿದು ಬಹ್ರೋಮ್ ಟ್ಯಾಕ್ಸಿ ಹತ್ತಿದ.

ಅಂಗಳದಲ್ಲಿ ಅತ್ತೆ ಸನೋಬರ್ ಎರಕದ ಕಬ್ಬಿಣದ ದೊಡ್ಡ ಬಾಣಲೆಯ ಮುಂದೆ ನಿಂತಿದ್ದಳು. ಮುದ್ದಿನ ಬಾಣಲೆ, ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಹೆಂಡತಿ ಮುಹಯ್ಯೊ ಕರಬೂಜ ಇಸಿದುಕೊಂಡಳು. ಹಿರಿಯರೆಲ್ಲ ಎದ್ದು ನಿಂತರು. ಅಳಿಯನಾದವನು ಎಡಗೈ ಎದೆಗಿಟ್ಟು, ಬಲಗೈಯಲ್ಲಿ ಹಿರಿಯರ ಕೈ ಹಿಡಿಯದೆ ವಿಧಿಯಿಲ್ಲ. ಬಹ್ರೋಮ್ ಹಾಗೇ ಮಾಡಿದ.

ಪ್ಯಾಂಟು ನೆಲಕ್ಕೆ ಸಲಾಂ ಹೇಳಿತು.

ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮ ಅಳಿಯಂದ್ರು ಬಹಳ ವಿನಯ, ಬಟ್ಟೇನೂ ಬಗ್ಗುತ್ತೆ!" ಎನ್ನುತ್ತ ಅತ್ತೆಯೇ ಮಾವನ ಸೊಂಟದ ರುಮಾಲು ತಂದು ಕೊಟ್ಟಳು. ಅವನು ಕಟ್ಟಿಕೊಂಡು ತುತ್ತು ಎತ್ತಿದ್ದಷ್ಟೇ; ಮೇಷ್ಟ್ರ ಫೋನು ಬಂತು.

"ಲಿಫ್ಟಿಗೆ ಭಾರೀ ಮೋಟಾರು ತಂದು ಕೂರಿಸಿದ್ದಾರೆ ಕಣೋ! ನಿನ್ನ ಬಕಲ್ಲು ಸಾಲ್ತಿಲ್ಲ. ಓಡಿ ಬಾ!"

"ಅಳಿಯನ್ನ ಹಸಿದ ಹೊಟ್ಟೇಲಿ ಕಳ್ಸೋಕಾಗುತ್ತಾ? ಊಟವೇ ಅಲ್ಲಿಗೆ ನಡೀಲಿ," ಎಂದಳು ಅತ್ತೆ. ನೆಂಟರು, ನಾನ್ ರೊಟ್ಟಿ, ಟೀ ಕೆಟಲು, ಬಾಣಲೆ ಎಲ್ಲ ಮೆರವಣಿಗೆ ಹೊರಟಿತು.

ಪ್ರಯೋಗಾಲಯದಲ್ಲಿ ಅವಳು ಬಾಣಲೆಯನ್ನು ಕುರ್ಚಿಯ ಪಕ್ಕ ಇಳಿಸಿದಳು. ಪರದೆಯ ಮೇಲೆ ಬೆಳಕು ಹಿಂದೆಂದೂ ಬರದಷ್ಟು ಸ್ಪಷ್ಟವಾಗಿ ಬಂತು!

ಮೇಷ್ಟ್ರು ಕುಣಿದಾಡಿದರು. "ತಾಯೀ, ಅದನ್ನ ಅಲ್ಲಾಡಿಸ್ಬೇಡಿ!"

"ನನ್ನ ಬಾಣಲೆ ಇರೋ ಕಡೆ ನಾನೂ ಇರ್ತೀನಿ."

"ಧಾರಾಳವಾಗಿ ಇರಿ! ನಾಳೆಯಿಂದ ಈ ಪ್ರಯೋಗದ ಮೇಜಿನ ಉಸ್ತುವಾರಿ ನಿಮ್ಮದೇ."

ಬಹ್ರೋಮನಿಗೆ ಜೀವ ಬಂದಂತಾಯಿತು. "ಹಾಗಾದ್ರೆ ನಾನಿನ್ನು ಬೇಗ ಮನೆಗೆ ಹೋಗ್ಬಹುದಲ್ಲ ಮೇಷ್ಟ್ರೇ?"

"ನನ್ನನ್ನೇನು ಕೇಳ್ತೀಯ? ಅವರನ್ನ ಕೇಳು."

ಸನೋಬರ್ ಅವನ ಕುರ್ಚಿಯಲ್ಲಿ ಕೂತು ಚೂರಿ ಚಾಚಿದಳು. "ಮನೆಗೆ ಆಮೇಲೆ ಹೋಗೋರಂತೆ. ಮೇಷ್ಟ್ರಿಗೂ ಪಲಾವ್ ಸಾಲ್ಬೇಕು. ಕ್ಯಾರೆಟ್ ಹೆಚ್ಚಿ, ಅಳಿಯಂದ್ರೇ!"