ಸಾವಿನ ಮನೆಯಲ್ಲಿ ಎರಡು ಮಾತು

ನನ್ನ ಸೋದರಮಾವನನ್ನು ಕಂಡರೆ ಹಾಸಿಗೆ ಹಿಡಿದವರೂ ಎದ್ದು ಕೂರುತ್ತಿದ್ದರು. ‘ನಾನಿನ್ನೂ ಇದ್ದೀನ್ರಿ’ ಎಂದು ತೋರಿಸಲು! ಸೇಡಂನಿಂದ ಶಹಾಬಾದ್‌ವರೆಗೆ ಯಾರು ತೀರಿಕೊಂಡರೂ ಮಾಮಾ ಹಾಜರ್. ಅವರ ಮೊಪೆಡ್ಡಿನ ಹಿಂದೆ, ಬಾಯಿ ಬಿಡಲು ಹೆದರುವ ಒಬ್ಬ ಹುಡುಗನೋ ಹುಡುಗಿಯೋ ಹಾಜರ್.

ವಾಡಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸ ಇದು: ನಾಚಿಕೆಯ ಮಕ್ಕಳಿಗೆ ನಾಲ್ಕು ಜನರೆದುರು ಮಾತಾಡುವ ಧೈರ್ಯ ಕಲಿಸುವುದು. ಪಾಠಶಾಲೆ ಮಾತ್ರ ಸತ್ತವರ ಮನೆಯ ಶಾಮಿಯಾನ. ಮಣ್ಣು ಕೊಟ್ಟ ಮೂರನೇ ದಿನ ಊರವರೆಲ್ಲ ಕೂತು, ಹೋದವರ ಬಗ್ಗೆ ಎರಡೆರಡು ಮಾತು ಆಡುತ್ತಾರಲ್ಲ, ಅಲ್ಲಿ!

“ಇಷ್ಟ ಚಲೋ ಸಭಾ ಮತ್ತ ಎಲ್ಲಿ ಸಿಗ್ತದೋ? ಯಾರೂ ನಗಂಗಿಲ್ಲ, ಯಾರೂ ನಡುವ ಎದ್ದು ಹೋಗಂಗಿಲ್ಲ. ಯಾರ ಬಗ್ಗೆ ಮಾತಾಡ್ತಿಯೋ, ಅವರಂತೂ ತಪ್ಪು ಹಿಡಿಯಂಗಿಲ್ಲ!”

ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದ ನಾನು ಸುಮ್ಮನಿರಬೇಕೆ? “ಮಾಮಾ, ಇದಕ್ಕ ಆಧಾರ ಏನದ?” ಎಂದೆ.

“ನೀನ ಆಧಾರ,” ಎಂದರು.

ಹೌದು, ಮೊದಲ ಶಿಷ್ಯ ನಾನೇ. ಗುಂಡಗುರ್ತಿಯಲ್ಲಿ. ಆಡಕಿಯಲ್ಲೂ ಆಗಿರಬಹುದು, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮುಖವನ್ನೇ ನೋಡಿರದ ಆ ಹಿರಿಯರ ಬಗ್ಗೆ, “ಇವರಿಗೆ ಒಂದೂ ದುಶ್ಚಟ ಇರಲಿಲ್ಲ” ಎಂದುಬಿಟ್ಟೆ. ಅವರ ಹೆಂಡತಿ ಸೆರಗಿನಿಂದ ಮುಖ ಎತ್ತಿ ಕೇಳಿದಳು: “ತಮ್ಮಾ, ನೀ ಯಾರ ಮನಿಗಿ ಬಂದೀಯಪ್ಪಾ?”

ಯಾರೂ ನಗದ ಸಭೆ ಗೊಳ್ಳೆಂದಿತು!

ದಾರಿಯಲ್ಲಿ ಮಾಮಾ ಹಿಗ್ಗಿಹೋಗಿದ್ದರು. “ಸತ್ತ ಮನ್ಯಾಗ ನಗಿಸಿದಿ! ಇನ್ನ ನಿನಗ ಯಾರ ಹೆದರಿಕಿ?” ಆಮೇಲೆ ಕೆಲಸದ ಸಂದರ್ಶನದಲ್ಲಿ ನಾನು ತೊದಲಲಿಲ್ಲ. ಅಥವಾ ಹಾಗೆಂದು ಮಾಮಾ ಹೇಳಿ ಹೇಳಿ ನಾನು ನಂಬಿದ್ದೇನೋ?

ಹೋದ ವರ್ಷ ಭಂಕೂರಿನ ಒಬ್ಬ ಹುಡುಗಿ ಬಂದಳು. ಕರೆತಂದವನು ಅವಳ ಅಪ್ಪ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಕೂಲಿ.

“ಸರ್, ಟೀಚರ್ ಆಗ್ತೀನಂತಾಳ್ರಿ. ಮನ್ಯಾಗ ಗುಬ್ಬಿಗತೆ ಒಂದ ಸವನ ಮಾತು. ಮಂದಿ ಮುಂದ ನಿಂತ್ರ ಗಂಟಲ ಕಟ್ತದ. ಒಂದ ಮಾತರ ಆಡೂಹಂಗ ಮಾಡ್ರಿ.”

“ಒಂದ್ಯಾಕೋ? ನಿಲ್ಲಸೂದು ಹೆಂಗ್ರಿ ಅಂತ ನೀನ ಕೇಳಾಕ ಬರ್ತಿ, ನೋಡು!” ಎಂದರು ಮಾಮಾ.

ಚಿತ್ತಾಪುರ, ವಾಡಿ, ಶಹಾಬಾದ್, ಎಲ್ಲ ಕಡೆ ಅವಳು ಎದ್ದು ನಿಂತಳು. ತುಟಿ ಅದುರುತ್ತಿತ್ತು, ದನಿ ಇಲ್ಲ. ಸೇಡಂನಲ್ಲಿ ಅವಳು ತಲೆತಗ್ಗಿಸಿ ನಿಂತದ್ದನ್ನು ಮೌನಾಚರಣೆ ಎಂದುಕೊಂಡು ಇಡೀ ಸಭೆಯೇ ಎದ್ದು ನಿಂತಿತು!

“ಬಾಯಿ ಬಿಡದನ ನೂರು ಮಂದಿನ್ನ ಎಬ್ಬಿಸಿದಿ ನೋಡವ್ವಾ!” ಎಂದು ಮಾಮಾ ಬೆನ್ನು ತಟ್ಟಿದರು. ಅವಳು ನಗಲಿಲ್ಲ. ಟೀಚರ್ ತರಬೇತಿಗಾಗಿ ಶಾಲೆಯಲ್ಲಿ ಪಾಠ ಮಾಡಿ ತೋರಿಸುವ ದಿನ ಹತ್ತಿರವಾಗಿತ್ತು.

ಅದಕ್ಕೂ ಮೊದಲೇ ಗಣಿಯಲ್ಲಿ ಚಪ್ಪಡಿ ಜಾರಿ ಅವಳ ಅಪ್ಪ ಹೋದ.

ಮೂರನೇ ದಿನ ಭಂಕೂರಿಗೆ ಹೋದೆವು. ಮಾಮಾ ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿ ಕೂತರು. ಗಣಿಯ ಮೇಸ್ತ್ರಿ ಎದ್ದು ಕಣ್ಣು ಒರೆಸಿಕೊಂಡ.

“ಭಾಳ ಚಲೋ ಮನಷ್ಯಾ. ಆದ್ರ ಅವತ್ತ ಕುಡ್ದು ಕೆಳಗ ಇಳಿದಿದ್ದ. ಏನ್ ಮಾಡೂದ್ರಿ, ಅವನ ಹಣೇಬರಹ.”

ನಾಲ್ಕಾರು ತಲೆಗಳು ಹೌದೌದು ಎಂದು ಆಡಿದವು. ಸತ್ತವನು ತಪ್ಪು ಹಿಡಿಯಲಾರ. ನಾನು ಓದಿದವನು, ನಾನೂ ಚಾಪೆಯ ಎಳೆ ಕೀಳುತ್ತ ಕೂತೆ. ಹೆಂಗಸರ ನಡುವಿನಿಂದ ಅವಳು ಎದ್ದಳು.

“ಕುಡ್ದಿದ್ದಿಲ್ಲ. ನಮ್ಮಪ್ಪಗ ಮೂರು ದಿನದಿಂದ ಜ್ವರ ಇತ್ತು. ಸೂಟಿ ಕೇಳಿದ್ದ. ಈ ಮೇಸ್ತ್ರಿ ಕೊಡ್ಲಿಲ್ಲ.”

ನನ್ನ ನೆನಪಿನಲ್ಲಿ ಆ ದನಿ ರಸ್ತೆಯವರೆಗೂ ಕೇಳಿಸಿತು. ಪಕ್ಕದಲ್ಲಿದ್ದವರು, ಅವಳು ಪಿಸುಗುಟ್ಟಿದಳಷ್ಟೆ ಎನ್ನುತ್ತಾರೆ. ಯಾರದು ಖರೆಯೋ ಗೊತ್ತಿಲ್ಲ. ಮೇಸ್ತ್ರಿ ಮಾತ್ರ ಯಾರ ಮುಖವನ್ನೂ ನೋಡದೆ ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ಅದನ್ನು ಎಲ್ಲರೂ ಒಪ್ಪುತ್ತಾರೆ.

ಗೆದ್ದೆವೆಂದು ನಾನು ಮಾಮಾನ ಕಡೆ ತಿರುಗಿದೆ. ಅವರು ಮೊಪೆಡ್ಡಿನ ಚಾವಿ ನನ್ನ ಕೈಗಿಟ್ಟರು. ನಾನು ಗಾಡಿ ಓಡಿಸಿದೆ, ಅವರು ಹಿಂದೆ ಕೂತರು. ಶಹಾಬಾದ್ ದಾಟಿದ ಮೇಲೆ ಅವರ ಹಣೆ ನನ್ನ ಬೆನ್ನಿಗೆ ಒರಗಿತು.

“ಸಣ್ಣ ಹುಡುಗರಿಗೆ ಮಗ್ಗಿ ಹೇಳಿಕೊಡ್ಲಿ ಅಂತ ಮಾತು ಕಲಿಸಾಕತ್ತಿದ್ದೆನೋ. ಆ ಕೂಸಿನ ಮೊದಲನೇ ಮಾತು ಇದಾಗಬೇಕಿತ್ತೇನೋ?”