ಅವ್ವನಿಗೊಂದು ಚಟ್ಟ

ರೇಷನ್ ಅಂಗಡಿಯ ಮುಂದೆ ಜನ ಕೂತ ಹಾಗೆ ಶಕ್ತಿವೇಲ್‌ನ ಬಾಗಿಲಲ್ಲಿ ಬಾಟಲಿಗಳು ಕೂತಿದ್ದವು. ಎಲ್ಲ ಅವನು ಕೆಲಸಕ್ಕಿದ್ದ ಜ್ಯೂಸ್ ಅಂಗಡಿಯ ಖಾಲಿ ಬಾಟಲಿಗಳು. ಒಂದೊಂದರ ಹೊಟ್ಟೆ ಕೊಯ್ದು, ಮಣ್ಣು ಗೊಬ್ಬರ ತುಂಬಿ, ಹಸಿಯಾಗಿ ತಿನ್ನುವ ಸಲಾಡ್ ಸೊಪ್ಪು ಬೆಳೆಸಿದ್ದ. ಸೊಪ್ಪು ಚೆನ್ನಾಗಿಯೇ ಬಂದಿತ್ತು. ಕಾಲಿಡಲು ಜಾಗ ಮಾತ್ರ ಉಳಿದಿರಲಿಲ್ಲ.

ಇದೆಲ್ಲ ಅವ್ವನಿಗಾಗಿ. ತಮಿಳು ಸೀಮೆಯ ಹಳ್ಳಿ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ಚಪ್ಪರದ ಕೆಳಗೆ ಆಯುಷ್ಯ ಕಳೆದಿದ್ದ ನಾಗಮ್ಮಾಳ್, ಸೊಂಟ ಮುರಿದುಕೊಂಡ ಮೇಲೆ ಕಂಬಂ ಪೇಟೆಯ ಈ ಬಾಡಿಗೆ ಮನೆಯ ಕಿಟಕಿ ಪಕ್ಕದಲ್ಲಿ ಮಲಗಿದ್ದಳು. ಕಿಟಕಿಯಾಚೆ ಮೂರು ಅಡಿ ಸಂದಿ, ಅದರಾಚೆ ಗೋಡೆ. "ಗೋಡೆ ನೋಡ್ಕಂಡು ಅನ್ನ ಇಳಿಯಾಕಿಲ್ಲ ಕಣ್ಲಾ. ಒಸಿ ಹಸುರು ಕಾಣಲಿ, ತಿಂತೀನಿ" ಎಂದು ತಟ್ಟೆ ಪಕ್ಕಕ್ಕಿಟ್ಟವಳು ಮತ್ತೆ ಸರಿಯಾಗಿ ಮುಟ್ಟಿರಲಿಲ್ಲ. ಹೀಗೇ ಉಪವಾಸ ಬಿದ್ದರೆ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಹೋಗಿದ್ದರು.

ಆ ಬೆಳಿಗ್ಗೆ ಮನೆ ಓನರ್ ಮುತ್ತುಕುಮಾರ್ ಬಾಟಲಿ ಎಡವಿ ಬಿದ್ದ. ಎದ್ದು ಲುಂಗಿ ಕೊಡವಿ ಹೇಳಿದ: "ಸಾಯಂಕಾಲದೊಳಗೆ ಇದೆಲ್ಲ ನೆಲ ಬಿಟ್ಟು ಏಳಬೇಕು. ಗೊಬ್ಬರದ ನಾತ ಬೇರೆ. ಗೋಡೆಗೆ ಒಂದು ಮೊಳೆ ಹೊಡೆದರೂ ಮನೆ ಖಾಲಿ ಮಾಡು!"

ನೆಲದ ಮೇಲಿಡುವಂತಿಲ್ಲ, ಗೋಡೆಗೆ ಹೊಡೆಯುವಂತಿಲ್ಲ. ಹಾಗಾದರೆ ಬಿದಿರಿನ ಏಣಿಯಂಥದೊಂದು ಕಟ್ಟಿ ಕಿಟಕಿಯೆದುರಿನ ಗೋಡೆಗೆ ಒರಗಿಸಬೇಕು. ಅದಕ್ಕೆ ಬಾಟಲಿಗಳನ್ನು ಒಂದರ ಕೆಳಗೊಂದು ತೂಗುಹಾಕಿದರೆ ಮೇಲಿನದಕ್ಕೆ ಸುರಿದ ನೀರು ಕೆಳಗಿನವರೆಗೂ ಇಳಿಯುತ್ತದೆ. ಇದನ್ನು ಅವನು ಫೋನಿನಲ್ಲಿ ನೋಡಿದ್ದ. ಇಂಥ ಚೌಕಟ್ಟಿಗೆ ತಮಿಳಿನಲ್ಲಿ ಚಟ್ಟಂ ಅನ್ನುತ್ತಾರೆ. ಶಕ್ತಿವೇಲ್ ಓದಿದ್ದು ತಮಿಳು, ವ್ಯಾಪಾರ ತಮಿಳು. ಮನೆಯ ಕನ್ನಡ ಆಡುವಾಗ ಪದ ಸಿಗದಿದ್ದರೆ ತಮಿಳು ಪದದ ಬಾಲ ಕತ್ತರಿಸಿ ಸೇರಿಸಿಬಿಡುವುದು ಅವನ ಅಭ್ಯಾಸ. ಅಂದೂ ಹಾಗೇ ಕತ್ತರಿಸಿದ.

ಊರಲ್ಲಿ ದ್ರಾಕ್ಷಿ ತೋಟ ಇದ್ದವಳು ಅವ್ವನ ತಂಗಿ ವೆಳ್ಳೈಯಮ್ಮಾಳ್. ಅವಳಿಗೆ ಫೋನ್ ಮಾಡಿದ.

"ಚಿಕ್ಕವ್ವ, ತೋಟದಾಗೆ ಬಿದಿರು ಐತಾ? ಎರಡು ಉದ್ದಂದು, ಅಡ್ಡಕ್ಕೆ ಒಂದಷ್ಟು ತುಂಡು."

"ಐತೆ. ಯಾಕಪ್ಪ?"

"ಅವ್ವನಿಗೆ ಒಂದು ಚಟ್ಟ ಕಟ್ಟಬೇಕು."

"ಯಾ... ಯಾವಾಗಪ್ಪ?"

"ಇವತ್ತೇ. ಸಾಯಂಕಾಲ ದಾಟಿದ್ರೆ ಮನೆ ಓನರ್ ಸುಮ್ನಿರಾಕಿಲ್ಲ. ಈಗ್ಲೇ ನಾತ ಅಂತಾವ್ನೆ."

"ಅಯ್ಯೋ ಅಕ್ಕಾ! ಕಡೇಲಿ ಏನಾದ್ರೂ ಅಂದ್ಲೇನೋ?"

"ಹಸುರು ನೋಡ್ಬೇಕು ಅಂದ್ಲು."

ಆಚೆ ಫೋನ್ ಕೆಳಗೆ ಬಿದ್ದ ಸದ್ದಾಯಿತು. ಚಿಕ್ಕವ್ವನಿಗೆ ಅವ್ವನ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಶಕ್ತಿವೇಲ್ ಹಗ್ಗ ತರಲು ಪೇಟೆಗೆ ಹೋದ.

ಅವನು ವಾಪಸು ಬರುವಷ್ಟರಲ್ಲಿ ಬೀದಿ ತುಂಬಿತ್ತು. ಎರಡು ಶೇರ್ ಆಟೋ ತುಂಬ ಹೆಂಗಸರು, ಒಂದು ಟೆಂಪೋ ತುಂಬ ಬಿದಿರು, ಅದರ ಮೇಲೆ ಹೊಸ ಬಟ್ಟೆ ಹಿಡಿದ ಸೋದರಮಾವ ಮೂಕಯ್ಯ, ಹಿಂದೆ ತಮಟೆಯವರು. ಗಂಡಸರು ಆಗಲೇ ಬಿದಿರು ಜೋಡಿಸಿದ್ದರು. ಎದುರು ಮನೆಯ ತಮಿಳು ಹೆಂಗಸು ವಳ್ಳಿ ತಲೆಗೂದಲು ಬಿಚ್ಚಿ ಎದೆ ಬಡಿದುಕೊಳ್ಳುತ್ತಿದ್ದಳು. ಯಾರು ಸತ್ತರೆಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ಅಳುವುದರಲ್ಲಿ ಹೊರಗಿನವರ ಮುಂದೆ ಸೋಲಬಾರದಲ್ಲ.

"ಪಾಪ, ಹಗ್ಗ ಸಮೇತ ತಂದವ್ನೆ" ಎಂದು ಯಾರೋ ಅವನ ಕೈಯಿಂದ ಹಗ್ಗ ಕಿತ್ತುಕೊಂಡರು.

"ಮಾವ, ಇಷ್ಟು ಜನ ಯಾಕೆ? ಒಬ್ಬನೇ ಕಟ್ತಿದ್ದೆನಲ್ಲ!"

ಮೂಕಯ್ಯ ಅವನನ್ನು ಅಪ್ಪಿಕೊಂಡ. "ಒಬ್ಬನೇ ಕಟ್ತಾನಂತೆ! ನಾವೆಲ್ಲ ಸತ್ತೋಗಿದ್ದೀವೇನ್ಲಾ?"

ಒಳಗೆ ನಾಗಮ್ಮಾಳ್ ನೊಣದ ಕಾಟಕ್ಕೆ ಮುಖದ ಮೇಲೆ ಸೆರಗೆಳೆದುಕೊಂಡು ನಿದ್ದೆ ಹೋಗಿದ್ದಳು. ವೆಳ್ಳೈಯಮ್ಮಾಳ್ ಅವಳ ಕಾಲ ಬಳಿ ಬಿದ್ದು ಹಾಡಿಕೊಂಡು ಅಳುತ್ತಿದ್ದಳು: "ನನ್ನ ಹೆತ್ತವ್ವನಂಗಿದ್ದ್ಯಲ್ಲೇ ಅಕ್ಕಾ! ಕಿವಿ ಓಲೆ ನಿಂಗೇ ಕಣೇ ತಂಗಿ ಅಂದಿದ್ದ್ಯಲ್ಲೇ ಅಕ್ಕಾ!"

ಸೆರಗು ಸರಿಯಿತು. "ಯಾವಾಗ್ಲೇ ಅಂದೆ ನಾನು?"

ತಮಟೆ ನಿಂತಿತು. ವಳ್ಳಿ ಬಾಗಿಲು ದಾಟಿ ಓಡಿದಳು.

ವಿಷಯ ತಿಳಿದ ಮೇಲೆ ಎಲ್ಲರೂ ಶಕ್ತಿವೇಲ್‌ನ ಮೇಲೆ ಬಿದ್ದರು. ನಾಗಮ್ಮಾಳ್ ಬದುಕಿದ್ದಾಳೆಂಬ ಸಂತೋಷಕ್ಕಿಂತ ಅರ್ಧ ದಿನದ ಕೂಲಿ ಹೋದ ಸಿಟ್ಟೇ ದೊಡ್ಡದಾಗಿತ್ತು.

"ತಮಿಳಲ್ಲಿ ಚಟ್ಟಂ ಅಂದ್ರೆ..." ಎಂದು ಅವನು ಶುರು ಮಾಡಿದ.

"ತಮಿಳಲ್ಲಿ ಬೇಕಾದ್ರೆ ತಮಿಳಲ್ಲೇ ಕೇಳು!" ಎಂದು ಮೂಕಯ್ಯ ಗುಡುಗಿದ. "ನಮ್ಮ ಮಾತಲ್ಲಿ ಚಟ್ಟ ಅಂದ್ರೆ ಒಂದೇ. ನಾಲ್ಕೂರಿಗೆ ಸುದ್ದಿ ಕಳಿಸಿದ್ದೀನಿ, ಈಗ ಸತ್ತೋಳು ಎದ್ಲು ಅಂತ ಯಾವ ಮುಖ ಇಟ್ಕಂಡು ಹೇಳ್ಲಿ? ಕಟ್ಟಿದ್ದನ್ನ ಖಾಲಿ ಬಿಡಬಾರದು. ಹಾಕ್ರೋ ಅದೇನೋ ಬಾಟ್ಲಿ!"

ಚಟ್ಟ ಎದ್ದು ಗೋಡೆಗೆ ಒರಗಿತು. ಹೆಣ ಹೊರಲು ಬಂದ ಕೈಗಳು ಬಾಟಲಿಗಳನ್ನು ಬೈಯುತ್ತ ತೂಗುಹಾಕಿದವು. ಕಿಟಕಿ ತುಂಬ ಹಸಿರಾಯಿತು.

ನಾಗಮ್ಮಾಳ್ ನೋಡಿದಳು, ಆಮೇಲೆ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ಶಕ್ತಿವೇಲ್ ಎಲೆ ಕಿತ್ತು ಉಪ್ಪು ಹಚ್ಚಿ ಕೊಟ್ಟ.

"ಥೂ, ಎಮ್ಮೆಗೆ ಹಾಕೋದು" ಎಂದಳು. ತಿಂದಳು. ಇನ್ನೊಂದು ಕೇಳಿದಳು, ಬಿಸಿ ಅನ್ನವನ್ನೂ ಕೇಳಿದಳು. ಹೊರಟು ನಿಂತ ತಂಗಿಗೆ ಕೂಗಿ ಹೇಳಿದಳು: "ಅಳೋದು ಸಾಲ್ದು ಕಣೇ! ಇನ್ನೊಂದ್ಸಲ ಫೋನ್ ಮಾಡಿಸ್ತೀನಿ, ಚೆಂದಾಗಿ ಅತ್ರೆ ಓಲೆ ಕೊಡ್ತೀನಿ."

"ಮಾಡ್ಸು ನೋಡಾನ! ಈ ಕಡೆ ತಲೆ ಹಾಕಿದ್ರೆ ಕೇಳು" ಎಂದು ವೆಳ್ಳೈಯಮ್ಮಾಳ್ ಆಟೋ ಹತ್ತಿದಳು.

ಬಿಸಿಲು ಇಳಿಯುವಾಗ ಶಕ್ತಿವೇಲ್ ಮೇಲಿನ ಬಾಟಲಿಗೆ ಒಂದು ಚೊಂಬು ನೀರು ಸುರಿದ. ಅದು ಎರಡನೆಯದಕ್ಕೆ ಇಳಿಯಿತು, ಮೂರನೆಯದಕ್ಕೆ ಇಳಿಯಿತು, ತೊಟ್ಟು ತೊಟ್ಟಾಗಿ ಕೆಳಗಿನವರೆಗೂ ಬಂತು. ಫೋನಿನಲ್ಲಿ ತೋರಿಸಿದ ಹಾಗೇ.

"ನೋಡವ್ವ!" ಎಂದ.

ಅವ್ವ ಅತ್ತ ಕಡೆಯೇ ನೋಡುತ್ತಿದ್ದಳು. ರೆಪ್ಪೆ ಮಾತ್ರ ಆಡುತ್ತಿರಲಿಲ್ಲ. ತುಟಿಯ ಮೇಲೆ ಸೊಪ್ಪಿನ ಚೂರೊಂದು ಅಂಟಿಕೊಂಡಿತ್ತು.

ಅವಳ ಕಣ್ಣು ಮುಚ್ಚಿ, ಪಕ್ಕದಲ್ಲಿ ಕೂತು ಅವನು ಫೋನ್ ಮಾಡಿದ.

"ಚಿಕ್ಕವ್ವ... ಅವ್ವ ಹೋಗ್ಬಿಟ್ಲು. ಚಟ್ಟ ಕಟ್ಟಬೇಕು."

ಮೊದಲು ಒಂದು ನಗು ಕೇಳಿಸಿತು. ಆಮೇಲೆ ಅವಳು ಸುತ್ತಲಿದ್ದವರಿಗೆ ಹೇಳಿದ್ದಿರಬೇಕು, ಹತ್ತಾರು ನಗು ಒಟ್ಟಿಗೆ ಕೇಳಿಸಿದವು.

"ಈ ಸಲ ಯಾವ ಸೊಪ್ಪಪ್ಪ? ಕೊತ್ತಂಬ್ರಿನಾ?"

"ನಿಜ ಚಿಕ್ಕವ್ವ, ನಿಮ್ಮಾಣೆ."

"ನಂಗೊತ್ತು ಕಣ್ಲಾ, ಓಲೆ ಆಸೆಗೆ ಓಡಿ ಬತ್ತೀನೇನೋ ಅಂತ ಅವಳೇ ಮಾಡಿಸ್ತಾವ್ಳೆ. ಕೊಡು ಅವಳ ಕೈಗೆ ಫೋನ್! ಅವಳೇ ಮಾತಾಡ್ಲಿ!"

ಶಕ್ತಿವೇಲ್ ಅವ್ವನ ಕಡೆ ನೋಡಿದ. ತುಟಿಯ ಮೇಲಿನ ಸೊಪ್ಪಿನ ಚೂರನ್ನು ಬೆರಳಿಂದ ತೆಗೆದ.

"ನೋಡ್ದಾ? ಮಾತಾಡಾಕಿಲ್ಲ! ಬಾಯಿಗೆ ಸೆರಗು ತುರುಕ್ಕಂಡು ನಗ್ತಾ ಇರ್ಬೇಕು." ಫೋನ್ ಕಟ್ಟಾಯಿತು. ಮೂಕಯ್ಯನಿಗೆ ಮಾಡಿದರೆ ಅವನು ಎತ್ತಲೇ ಇಲ್ಲ.

ಅವನು ಹೊರಗೆ ಬಂದು ಬಾಟಲಿಗಳನ್ನು ಒಂದೊಂದಾಗಿ ಬಿಚ್ಚಿ ನೆಲದ ಮೇಲೆ ಇಡತೊಡಗಿದ. ಎದುರು ಬಾಗಿಲಲ್ಲಿ ವಳ್ಳಿ ಕಾಣಿಸಿಕೊಂಡಳು. ಬೆಳಗಿನ ನಾಚಿಕೆ ಇಳಿದು ಅವಳಿಗೂ ನಗು ಬಂದಿತ್ತು.

"ಏನಪ್ಪ ಶಕ್ತಿ, ಮತ್ತೆ ಬಿಚ್ತೀಯ?" ಎಂದು ತಮಿಳಿನಲ್ಲಿ ಕೇಳಿದಳು.

"ಚಟ್ಟ ಬೇಕಾಗೈತೆ ಅಕ್ಕ."

"ಯಾವುದು? ನಮ್ಮ ಮಾತಿಂದೋ, ನಿಮ್ಮ ಮಾತಿಂದೋ?"

ಶಕ್ತಿವೇಲ್ ಕೊನೆಯ ಬಾಟಲಿ ಬಿಚ್ಚಿ ಕೆಳಗಿಟ್ಟ.

"ನಮ್ಮ ಮಾತಿಂದು ಅಕ್ಕ" ಎಂದ.

ವಳ್ಳಿ ಹೊಟ್ಟೆ ಹಿಡಿದುಕೊಂಡು ನಕ್ಕು ಒಳಗೆ ಹೋದಳು.