ತೊಟ್ಟಿಲ ಕಾಲು ನೆಟ್ಟಗೆ ಮಾಡಿದ ಅಪರಾಧದ ಕುರಿತು

ಇಂದ:
ಹೇಮಪ್ಪ, ಲೇತ್ ಕೆಲಸಗಾರ,
ರೈಸ್ ಮಿಲ್ಲುಗಳ ಹಿಂದಿನ ಓಣಿ, ಗಂಗಾವತಿ.

ಗೆ:
ಶ್ರೀಮತಿ ವಿರೂಪಾಕ್ಷಮ್ಮನವರು,
ಪಂಚಾಯತಿ ಮಾಜಿ ಸದಸ್ಯರು ಹಾಗೂ ಅರ್ಜಿದಾರನ ಅತ್ತೆಯವರು, ಬೇವೂರು.

ವಿಷಯ: ತವರಿಗೆ ಹೋಗಿರುವ ಹೆಂಡತಿ ಅಮೃತಾ ಮತ್ತು ಕೂಸನ್ನು ಮರಳಿ ಕಳಿಸಿಕೊಡುವ ಬಗ್ಗೆ.

ಉಲ್ಲೇಖ: ಫೋನಿನಲ್ಲಿ ತಮ್ಮ ಮೌಖಿಕ ಆದೇಶ: "ಬಾಯಿಮಾತು ಬ್ಯಾಡ, ಏನೈತಿ ಅದನ್ನ ಬರದು ಕೊಡ್ರಿ."

ಮಾನ್ಯ ಅತ್ತೆಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಲೆ ತಗ್ಗಿಸಿ ನಿವೇದಿಸಿಕೊಳ್ಳುವುದೇನೆಂದರೆ:

೧. ಚೊಚ್ಚಲ ಕೂಸಿಗೆ ತವರಿನಿಂದ ತೊಟ್ಟಿಲು ಬರುವ ಪದ್ಧತಿಯಂತೆ ತಾವು ಕಿನ್ನಾಳದ ಬಣ್ಣದ ಕಲಾವಿದರಲ್ಲಿ ಮಾಡಿಸಿ, ಕಾಲಿಗೊಂದು ಗಿಳಿ ಬರೆಸಿ ಕಳಿಸಿದ ತೊಟ್ಟಿಲು ಅರ್ಜಿದಾರನ ಕೈ ಸೇರಿರುತ್ತದೆ. ಸದರಿ ತೊಟ್ಟಿಲು ತೂಗಿದಾಗ ಒಂದು ಕಾಲು ನೆಲಕ್ಕೆ ಸರಿಯಾಗಿ ಕೂರದೆ ಟಕ್ ಟಕ್ ಎನ್ನುತ್ತಿತ್ತು. ಮಿಲ್ಲಿನ ಶಾಫ್ಟು ಕೂದಲೆಳೆಯಷ್ಟು ಅಲುಗಿದರೂ ಅನ್ನ ಸೇರದ ಅರ್ಜಿದಾರನಿಗೆ ಇದನ್ನು ಸಹಿಸಲಾಗಲಿಲ್ಲ.

೨. ಆದ್ದರಿಂದ ಆ ಕಾಲನ್ನು ಬಿಚ್ಚಿ, ಅಂಗಡಿಗೆ ಒಯ್ದು, ತುದಿ ಸಮ ಮಾಡಲು ಲೇತಿಗೆ ಕಟ್ಟಲಾಯಿತು. ತಿರುಗಿಸಿ ನೋಡಲಾಗಿ ಕಾಲು ಪೂರ್ತಿ ದುಂಡಗೂ ಇರಲಿಲ್ಲ. ಕಾರಣ ದುಂಡಗೆ ಮಾಡಲಾಯಿತು. ಗಿಳಿ ಹೋಯಿತು. ಒಂದು ಕಾಲು ತೆಳ್ಳಗಾದ ಕಾರಣ ಉಳಿದ ಮೂರನ್ನೂ ದಪ್ಪದಲ್ಲೂ ಉದ್ದದಲ್ಲೂ ಅದಕ್ಕೆ ಸರಿಹೊಂದಿಸಲಾಯಿತು. ಉಳಿದ ಗಿಳಿಗಳೂ ಹೋದವು.

೩. "ಮಂಚ-ಹೊರಸಿನ ಕಾಲೂ ಲೇತಿನಾಗ ಆಗ್ತಾವ, ನೀವ ಯಾಕ ಕೆಡಿಸಿದ್ರಿ?" ಎಂದು ತಾವು ಕೇಳಿರುತ್ತೀರಿ. ಲೇತುಗಳಲ್ಲಿ ಜಾತಿಗಳಿವೆ. ಕಟ್ಟಿಗೆ ಲೇತಿನಲ್ಲಿ ಉಳಿ ಮನುಷ್ಯನ ಕೈಯಲ್ಲಿರುತ್ತದೆ, ಬೇಡವೆನಿಸಿದರೆ ಕೈ ಹಿಂದೆ ಬರುತ್ತದೆ. ಕಂಪ್ಯೂಟರ್ ಲೇತಿಗೆ ಸೊಟ್ಟ ಮಾಡು ಎಂದರೆ ಸೊಟ್ಟವನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ. ಅರ್ಜಿದಾರನದು ಕಬ್ಬಿಣದ ಲೇತು. ಅದರ ಉಳಿಯನ್ನು ಬೋಲ್ಟು ಹಾಕಿ ಬಿಗಿಯಲಾಗಿರುತ್ತದೆ. ಅದಕ್ಕೆ ಶಾಫ್ಟೂ ಒಂದೇ, ಗಿಳಿಯೂ ಒಂದೇ.

೪. ತೊಟ್ಟಿಲು ಈಗ ಕಲ್ಲಿನಂತೆ ನಿಂತಿತು. ಆದರೆ ಕೂಸು ಮಲಗಲಿಲ್ಲ. ಅಮೃತಾ ಅವರ ಹೇಳಿಕೆ: "ಆ ಟಕ್ ಟಕ್ ಸಪ್ಪಳಕ್ಕ ಅದು ಮಲಗ್ತಿತ್ತುರೀ! ನಿಮ್ಮ ಕೈಯಾಗ ಸೊಟ್ಟ ಇದ್ದದ್ದು ಯಾವುದೂ ಉಳಿಯಂಗಿಲ್ಲ. ನನ್ನ ಮೂಗೂ ಒಂಚೂರು ಸೊಟ್ಟ ಐತಿ, ನಾಳಿ ಅದನ್ನೂ ಲೇತಿಗೆ ಕಟ್ತೀರಿ." ಹೀಗೆಂದು ಕೂಸನ್ನು ಎತ್ತಿಕೊಂಡು ಬೇವೂರಿನ ಬಸ್ಸು ಹತ್ತಿರುತ್ತಾರೆ. ಸದರಿ ಮೂಗಿನ ಬಗ್ಗೆ ಅರ್ಜಿದಾರನಿಗೆ ಯಾವ ಆಕ್ಷೇಪಣೆಯೂ ಇಲ್ಲ, ಅದು ಹಾಗೆಯೇ ಬಹಳ ಇಷ್ಟ.

೫. ತದನಂತರ ಅರ್ಜಿದಾರನು ಕಿನ್ನಾಳಕ್ಕೆ ಹೋಗಿ ಹೊಸ ಕಾಲು ಮಾಡಿಸಿದನು. ಗಿಳಿಗಳು ಬಂದವು, ಟಕ್ ಟಕ್ ಬರಲಿಲ್ಲ. "ಗಿಳಿ ಬರೀತೀನ್ರಿ, ಅಲುಗಾಡೋದು ನನ್ನ ಕೈಯಾಗಿಲ್ಲ. ಅದು ತಾನ ಬಂದಿತ್ತು," ಎಂದು ಕಲಾವಿದರು ಕೈ ಚೆಲ್ಲಿದರು. ಅರ್ಜಿದಾರನೇ ಒಂದು ಕಾಲಿನ ತುದಿ ತುಸು ಕತ್ತರಿಸಿದನು. ಹಾಳಾದ ಕೈ ಕೇಳದೆ ಉಳಿದ ಮೂರನ್ನೂ ಅಷ್ಟೇ ಕತ್ತರಿಸಿತು. ತೊಟ್ಟಿಲು ಗಿಡ್ಡಾಯಿತು, ಅಲುಗಲಿಲ್ಲ.

೬. ಮನೆ ಭಣಭಣ ಎನ್ನುತ್ತಿದೆ. ಇದನ್ನು ಬರೆಯಲು ಅರ್ಜಿಯಲ್ಲಿ ಪ್ರತ್ಯೇಕ ಕಾಲಂ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

ಆದ್ದರಿಂದ, ಇನ್ನು ಮುಂದೆ ಕೂಸು ಮಲಗುವವರೆಗೆ ಅರ್ಜಿದಾರನೇ ತೊಟ್ಟಿಲ ಪಕ್ಕ ಕುಳಿತು ಬಾಯಿಂದ ಟಕ್ ಟಕ್ ಎನ್ನುವುದಾಗಿ ಮುಚ್ಚಳಿಕೆ ಬರೆದುಕೊಟ್ಟಿರುತ್ತಾನೆ.

ತಮ್ಮ ವಿಶ್ವಾಸಿ ಹಾಗೂ ಅಳಿಯ,
ಹೇಮಪ್ಪ

ಅಡಕ: ಮುಚ್ಚಳಿಕೆ ಪತ್ರ; ಕಟ್ಟಿಗೆ ಹೊಟ್ಟಿನ ರೂಪದಲ್ಲಿ ಮೊದಲಿನ ಗಿಳಿಗಳು, ಒಂದು ಡಬ್ಬಿ.

ಪ್ರತಿ: ಅಮೃತಾ ಅವರಿಗೆ, ಮಾಹಿತಿಗಾಗಿ ಮತ್ತು ಕರುಣೆಗಾಗಿ.

ವಿ.ಸೂ.: ಅರ್ಜಿದಾರನು ಅಂಗಡಿಯಲ್ಲಿ ಟಕ್ ಟಕ್ ಅಭ್ಯಾಸ ಮಾಡುತ್ತಿದ್ದಾನೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಚಾಂದಸಾಬ ಕೇಳಿ, "ಭಾಳ ಒಂದ ಸಮ ಬರಾಕತ್ತೈತಿ ಹೇಮಣ್ಣ, ಮಷೀನಿನಂಗ ಐತಿ. ಕೂಸು ಮಲಗಂಗಿಲ್ಲ," ಎಂದು ಲೋಪ ತೋರಿಸಿದ್ದಾರೆ. ಈ ಲೋಪವನ್ನು ತಿದ್ದುವುದು ಕೂಸಿನಿಂದ ಮಾತ್ರ ಸಾಧ್ಯ. ಕಾರಣ, ಕೂಸನ್ನು ತುರ್ತಾಗಿ ಕಳಿಸಿಕೊಡಬೇಕೆಂದು ವಿನಂತಿ. ಕೂಸು ಒಂದೇ ಬರಲಾರದು ಎಂಬುದನ್ನೂ ತಮ್ಮ ಗಮನಕ್ಕೆ ತರಲಾಗಿದೆ.